ಒಬ್ಬಳಿಗಾಗಿ ಒಂದು ಶಾಸನ

ಶಾಸನವೆಂಬುದು ಎಲ್ಲರಿಗೂ ಸಲ್ಲುವಂಥದು. ಒಬ್ಬರ ಹೆಸರಿಗೆ ಬರೆದದ್ದು ಶಾಸನವಲ್ಲ, ಅಪ್ಪಣೆ. ಈ ಭೇದವನ್ನು ರಾಜಕಾರಣ ಮರೆತಾಗ ಏನಾದೀತೆಂಬುದಕ್ಕೆ ಅಮೆರಿಕದ ಫ್ಲಾರಿಡಾ ಸಂಸ್ಥಾನದ ಟೆರಿ ಶಿಯಾವೋಳ ಕಡೆಯ ದಿನಗಳಿಗಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಬೇರೆ ಕಂಡಿಲ್ಲ.

1990ರ ಫೆಬ್ರವರಿ 25ರ ಬೆಳಗಿನ ಜಾವ, ಇಪ್ಪತ್ತಾರು ವರ್ಷದ ಆಕೆ ತನ್ನ ಮನೆಯಲ್ಲಿ ಕುಸಿದುಬಿದ್ದಳು. ಹೃದಯ ನಿಂತು ಮೆದುಳಿಗೆ ಪ್ರಾಣವಾಯು ತಪ್ಪಿತು. ಹೃದಯವೇನೋ ಮರಳಿ ಮಿಡಿಯಿತು, ಅರಿವು ಮರಳಲಿಲ್ಲ. ಕಣ್ಣು ತೆರೆಯುವುದು, ಮುಚ್ಚುವುದು, ನಿದ್ರೆ ಎಚ್ಚರಗಳ ಸರದಿ ಎಲ್ಲವೂ ಇದ್ದವು. ಅನ್ನಪಾನ ಹೊಟ್ಟೆಗೆ ಜೋಡಿಸಿದ ನಳಿಕೆಯೊಂದರ ಮೂಲಕ.

1998ರಲ್ಲಿ ಪತಿ ಮೈಕೇಲ್ ಆ ನಳಿಕೆಯನ್ನು ತೆಗೆಯಲು ಅನುಮತಿ ಬೇಡಿ ನ್ಯಾಯಾಲಯಕ್ಕೆ ಹೋದರು. ಇಂಥ ಬಾಳು ತನಗೆ ಬೇಡವೆಂದು ಆಕೆ ಆಡಿದ್ದುಂಟೆಂದು ಅವರ ಹೇಳಿಕೆ. ಮಗಳು ತಮ್ಮನ್ನು ಕಂಡು ನಗುತ್ತಾಳೆಂದು ತಾಯಿತಂದೆಯರ ಹೇಳಿಕೆ. ಬರೆದಿಟ್ಟ ಕಾಗದ ಒಂದೂ ಇರಲಿಲ್ಲ. ನಮ್ಮ ಪತ್ರಿಕೆಗಳು ಇಂಥ ಪ್ರಸಂಗಗಳನ್ನೆಲ್ಲ ‘ಇಚ್ಛಾಮರಣ’ವೆಂದು ಕರೆದುಬಿಡುತ್ತವೆ, ಆದರೆ ಶರಶಯ್ಯೆಯ ಭೀಷ್ಮನಿಗೆ ತನ್ನ ಇಚ್ಛೆಯನ್ನು ತಾನೇ ನುಡಿಯುವ ಬಾಯಿತ್ತು. ಇಲ್ಲಿ ಬಾಯಿಲ್ಲದವಳ ಇಚ್ಛೆಯನ್ನು ಇತರರ ನೆನಪಿನಿಂದ ಆಯಬೇಕಾಗಿತ್ತು. ನ್ಯಾಯಾಧೀಶ ಜಾರ್ಜ್ ಗ್ರೀರ್ ಸಾಕ್ಷ್ಯ ಕೇಳಿ, 2000ದಲ್ಲಿ ಪತಿಯ ಮಾತನ್ನು ಒಪ್ಪಿದರು. ಮೇಲ್ಮನವಿಗಳೂ ನಡೆದವು. ನ್ಯಾಯಾಲಯಗಳದು ನಿಧಾನದ ನಡೆ. ಆದರೆ ಎರಡೂ ಕಡೆಯವರಿಗೆ ಅಲ್ಲಿ ಕಿವಿಯಿತ್ತು.

2003ರ ಅಕ್ಟೋಬರ್ 15ರಂದು ನಳಿಕೆ ತೆಗೆದರು. ಆರೇ ದಿನದಲ್ಲಿ ಸಂಸ್ಥಾನದ ಶಾಸನಸಭೆ ಆಕೆಯ ಸ್ಥಿತಿಗೆ ಮಾತ್ರ ಹೊಂದುವಂತೆ ವಿಧಿಯೊಂದನ್ನು ಹೊಲಿದುಕೊಟ್ಟಿತು. ಗವರ್ನರ್ ಜೆಬ್ ಬುಷ್ ಆಜ್ಞೆ ಹೊರಡಿಸಿ ನಳಿಕೆಯನ್ನು ಮತ್ತೆ ಹಾಕಿಸಿದರು. ಮುಗಿದ ತೀರ್ಪನ್ನು ಶಾಸನಸಭೆ ಅಳಿಸಲಾಗದೆಂದು ಫ್ಲಾರಿಡಾದ ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಅದನ್ನು ಏಕಮತದಿಂದ ರದ್ದುಗೊಳಿಸಿತು.

2005ರ ಮಾರ್ಚ್ 18ರಂದು ಮತ್ತೆ ನಳಿಕೆ ತೆಗೆಯುವ ಮುನ್ನ ನಡೆದದ್ದನ್ನು ನಂಬುವುದೇ ಕಷ್ಟ. ಪ್ರತಿನಿಧಿ ಸಭೆಯ ಸಮಿತಿಯೊಂದು ಟೆರಿಗೇ ಸಮನ್ಸು ಕಳುಹಿಸಿತು! ಹದಿನೈದು ವರ್ಷ ಮಾತಿಲ್ಲದೆ ಮಲಗಿದ್ದವಳು ಸಾಕ್ಷಿಗೆ ಹಾಜರಾಗಬೇಕಂತೆ. ಸ್ವತಃ ಶಸ್ತ್ರವೈದ್ಯರಾದ ಸೆನೆಟ್ ನಾಯಕ ಬಿಲ್ ಫ್ರಿಸ್ಟ್, ರೋಗಿಯನ್ನು ಪರೀಕ್ಷಿಸದೆ, ಚಲಚ್ಚಿತ್ರದ ತುಣುಕುಗಳನ್ನು ನೋಡಿಯೇ ರೋಗನಿರ್ಣಯವನ್ನು ಸಂಶಯಿಸಿದರು. ಇದು ತಮ್ಮ ಪಕ್ಷಕ್ಕೆ ಲಾಭದ ವಿಷಯವೆಂದು ಸೆನೆಟರೊಬ್ಬರ ಸಹಾಯಕ ಬರೆದ ಟಿಪ್ಪಣಿ ಹೊರಬಿತ್ತು. ರವಿವಾರ ಕಳೆದು ನಡುರಾತ್ರಿಯ ಮೇಲೆ 203ಕ್ಕೆ 58 ಮತಗಳಿಂದ, ಆಕೆಯ ತಾಯಿತಂದೆಯರ ಹೆಸರಿಗೇ, ಹೊಸ ಶಾಸನ ಸಿದ್ಧವಾಯಿತು. ಅಧ್ಯಕ್ಷ ಜಾರ್ಜ್ ಬುಷ್ ಟೆಕ್ಸಾಸಿನಿಂದ ರಾಜಧಾನಿಗೆ ಹಾರಿಬಂದು, ರಾತ್ರಿ ಒಂದು ಗಂಟೆ ದಾಟಿದ ಮೇಲೆ ಸಹಿ ಮಾಡಿದರು. ಇದೇ ಮಹಾನುಭಾವರು ಟೆಕ್ಸಾಸಿನ ಗವರ್ನರ್ ಆಗಿದ್ದಾಗ, 1999ರಲ್ಲಿ, ಮನೆಯವರು ಬೇಡವೆಂದರೂ ನಿಷ್ಪ್ರಯೋಜಕ ಚಿಕಿತ್ಸೆಯನ್ನು ನಿಲ್ಲಿಸಲು ಆಸ್ಪತ್ರೆಗಳಿಗೆ ಅವಕಾಶವಿತ್ತ ಕಾನೂನಿಗೆ ಸಹಿ ಮಾಡಿದ್ದರು.

ನ್ಯಾಯಾಲಯಗಳು ಈ ಬಾರಿಯೂ ಮಣಿಯಲಿಲ್ಲ. ಶುಶ್ರೂಷಾಲಯದ ಬಾಗಿಲಲ್ಲಿ ಲೋಟದಲ್ಲಿ ನೀರು ಹಿಡಿದು ಒಳಹೋಗಲೆತ್ನಿಸಿದವರನ್ನು ಪೋಲೀಸರು ಬಂಧಿಸಿದರು. ಅವರಲ್ಲಿ ಮಕ್ಕಳೂ ಇದ್ದರು. ಕಡೆಗಾಲದಲ್ಲಿ ತುಳಸಿನೀರು ಬಿಡುವ ನಮಗೆ ಆ ಲೋಟದ ಅರ್ಥ ತಿಳಿಯದೆ? ತಾಯಿತಂದೆಯರ ಸಂಕಟವನ್ನು ನಾನು ಹಗುರವಾಗಿ ಕಾಣಲಾರೆ. ಆ ಸಂಕಟವನ್ನು ಬೀದಿಗೆ ತಂದು ಮತದ ಬೆಲೆ ಕಟ್ಟಿದವರ ಮಾತು ಬೇರೆ. ಮಾರ್ಚ್ 31ರಂದು ಆಕೆ ತೀರಿಕೊಂಡಳು. ಮರಣೋತ್ತರ ಪರೀಕ್ಷೆಯಲ್ಲಿ ಮೆದುಳು ತೂಗಿದ್ದು 615 ಗ್ರಾಂ, ಇರಬೇಕಾದುದರ ಅರ್ಧದಷ್ಟು.

ನಮ್ಮ ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ 1973ರಲ್ಲಿ ಘೋರ ಹಲ್ಲೆಗೊಳಗಾಗಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನಲವತ್ತೆರಡು ವರ್ಷ ಮಲಗಿದ್ದರು. ಲೇಖಕಿಯೊಬ್ಬರ ಅರ್ಜಿಯ ಮೇಲೆ 2011ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಾಗ, ಆಕೆಯ ಪರವಾಗಿ ಮಾತನಾಡುವ ಹಕ್ಕು ದಿನವೂ ಉಣಿಸಿ ಒರೆಸಿದ ಆಸ್ಪತ್ರೆಯವರದೆಂದಿತು. ಅವರು ನಿಲ್ಲಿಸುವುದು ಬೇಡವೆಂದರು. ಆ ಮಾತೇ ನಿಂತಿತು. 2018ರ ಸಂವಿಧಾನಪೀಠದ ತೀರ್ಪು ಮುಂಗಡ ಇಚ್ಛಾಪತ್ರಕ್ಕೆ ಮಾನ್ಯತೆಯಿತ್ತಿತು. 2023ರಲ್ಲಿ ಕ್ರಮ ಸರಳವಾಯಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೊಳಿಸಲು ಸುತ್ತೋಲೆ ಹೊರಡಿಸಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮೊಹರು. ಮುಂದೆ ಎರಡು ವೈದ್ಯಮಂಡಳಿಗಳು, ಮನೆಯವರ ಒಪ್ಪಿಗೆ, ಮ್ಯಾಜಿಸ್ಟ್ರೇಟರಿಗೆ ತಿಳಿವಳಿಕೆ. ಶಾಸಕರ ಶಿಫಾರಸು ಪತ್ರಕ್ಕೆ, ಸದ್ಯ, ಸ್ಥಳವಿಲ್ಲ.

ಕಳೆದ ತಿಂಗಳು ನಾನೂ ನನ್ನ ಮಡದಿಯೂ ಈ ಪತ್ರ ಬರೆಯಲು ಕುಳಿತೆವು. ನಮಗೆ ಮಾತು ನಿಂತಾಗ ಯಾರು ಮಾತನಾಡಬೇಕೆಂಬ ಸಾಲಿಗೆ ಬಂದು, ಮಗಳ ಹೆಸರೋ ನನ್ನ ತಮ್ಮನ ಹೆಸರೋ ಎಂದು ತರ್ಕ ಹತ್ತಿ, ಅಂದಿಗೆ ಎತ್ತಿಟ್ಟೆವು.