ತಾತನಿಗೆ ಕೋಟು ತೊಡಿಸಿದ ಕುಂಚ

ಮಧುವನಹಳ್ಳಿಯ ನಮ್ಮ ಮನೆಯ ನಡುಮನೆಯಲ್ಲಿ ಅಜ್ಜಿ, ತಾತ ಜೊತೆಯಾಗಿ ಕುಳಿತ ಫೋಟೋ ಇದೆ. ಅವರಿಬ್ಬರೂ ಎಂದೂ ಹಾಗೆ ಕುಳಿತು ಫೋಟೋ ತೆಗೆಸಿಕೊಂಡವರಲ್ಲ. ತಾತ ತೀರಿಕೊಂಡ ಮೇಲೆ, ಯಾರದೋ ಮದುವೆಯ ಗುಂಪು ಫೋಟೋದಿಂದ ಅವರನ್ನು ಕತ್ತರಿಸಿ, ಕೊಳ್ಳೇಗಾಲದ ಸ್ಟುಡಿಯೋದಲ್ಲಿ ಒಬ್ಬಳೇ ಕುಳಿತ ಅಜ್ಜಿಯ ಪಕ್ಕಕ್ಕೆ ತಂದಿಟ್ಟಿದ್ದು. ದಿಟ್ಟಿಸಿ ನೋಡಿದರೆ ತಾತನ ಮುಖದ ಮೇಲೆ ಬೆಳಕು ಎಡಗಡೆಯಿಂದ ಬಿದ್ದಿದೆ, ಅಜ್ಜಿಯ ಮುಖದ ಮೇಲೆ ಬಲಗಡೆಯಿಂದ. "ಕೋಟು ಅವರ್ದಲ್ಲ ಕಣಪ್ಪ, ಸ್ಟುಡಿಯೋದವ್ರು ಹಾಕಿದ್ದು" ಎನ್ನುತ್ತಿದ್ದಳು ಅಜ್ಜಿ.

ಕೊಲಾಜ್, ಗೆರೆಚಿತ್ರ, ರೀಲಿನ ಫೋಟೋ ಬೆರೆಸಿ ದುಡಿಯುವವರನ್ನು ಇಂದು ಸಮಕಾಲೀನ ಕಲಾವಿದರು ಎನ್ನುತ್ತೇವೆ. ಕಪ್ಪು-ಬಿಳುಪಿನ ಕಾಲದಲ್ಲಿ ನಮ್ಮ ಪೇಟೆಗಳ ಸ್ಟುಡಿಯೋಗಳಲ್ಲಿ ಈ ಮೂರೂ ಒಂದೇ ಮೇಜಿನ ಮೇಲೆ ನಡೆಯುತ್ತಿದ್ದವು. ಆ ಕೆಲಸಕ್ಕೆ ಟಚಿಂಗ್ ಎಂದು ಹೆಸರು.

ಟಚಿಂಗ್ ಮೇಜಿಗೆ ಇಳಿಜಾರಾಗಿ ಕೂರಿಸಿದ ಮಸುಕು ಗಾಜು, ಅದರಡಿ ಕಿಟಕಿಯ ಬೆಳಕನ್ನು ಮೇಲಕ್ಕೆ ತಿರುಗಿಸುವ ಕನ್ನಡಿ. ಗಾಜಿನ ಮೇಲೆ ನೆಗೆಟಿವ್. ನುಣುಪಾದ ಫಿಲ್ಮಿನ ಮೇಲೆ ಪೆನ್ಸಿಲ್ ಜಾರುತ್ತದೆ, ಆದ್ದರಿಂದ ಮೊದಲು ತೆಳುವಾಗಿ ವಾರ್ನಿಷ್ ಸವರಬೇಕು. ಉಪ್ಪುಕಾಗದದ ಮೇಲೆ ಉಜ್ಜಿ ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲಿನಿಂದ ಒತ್ತದೆ, ಮುಟ್ಟಿಯೂ ಮುಟ್ಟದಂತೆ ಚುಕ್ಕಿ ಇಡುತ್ತಾ ಹೋಗಬೇಕು. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಕಣ್ಣಿನ ಕೆಳಗಿನ ಕಪ್ಪು ಅಲ್ಲಿ ತಿಳಿಯಾಗಿರುತ್ತದೆ. ಅದನ್ನು ಪೆನ್ಸಿಲಿನಿಂದ ಕಪ್ಪಾಗಿಸಿದಷ್ಟೂ ಪ್ರಿಂಟಿನಲ್ಲಿ ಮುಖ ಬೆಳ್ಳಗಾಗುತ್ತದೆ. ಎಲ್ಲಿಯಾದರೂ ಕಪ್ಪು ಬೇಕಿದ್ದರೆ ಬ್ಲೇಡಿನ ಮೊನೆಯಿಂದ ಹಗುರವಾಗಿ ಕೆರೆಯಬೇಕು. ಒಂದು ಗೆರೆ ಹೆಚ್ಚಾದರೂ ಮುಖ ಬೇರೆಯವರದಾಗುತ್ತದೆ. ಇಷ್ಟು ಹದವಿರುವ ಕೈಯನ್ನು ನಾವು ಕಲಾವಿದನ ಕೈ ಎಂದು ಕರೆಯಲೇ ಇಲ್ಲವಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ಇಬ್ಬರನ್ನು ಜೋಡಿಸುವುದಕ್ಕೆ ಕತ್ತರಿ ಬೇಕು. ಕತ್ತರಿಸಿದ್ದನ್ನು ರಟ್ಟಿಗೆ ಅಂಟಿಸಿ, ಅಂಚು ಕಾಣದಂತೆ ಬಣ್ಣ ಹಚ್ಚಿ, ಮತ್ತೆ ಕ್ಯಾಮೆರಾದಲ್ಲಿ ತೆಗೆದು ಹೊಸ ನೆಗೆಟಿವ್ ಮಾಡುತ್ತಿದ್ದರು. ಬಣ್ಣ ಕೇಳುವವರಿಗೆ ಕಡ್ಡಿಗೆ ಹತ್ತಿ ಸುತ್ತಿ ಕೆನ್ನೆಗೆ ನಸುಗೆಂಪು, ಓಲೆಗೆ ಹಳದಿ.

ಫಿಲ್ಮ್ ನಮಗೆ ದೂರದ ಸರಕಾಗಿರಲಿಲ್ಲ. 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಇದ್ದದ್ದು ಗುಂಡ್ಲುಪೇಟೆಯಾಚೆಯ ಊಟಿಯಲ್ಲಿ. ಅಲ್ಲಿನ ಫಿಲ್ಮಿನ ಹೆಸರು 'ಇಂದು'. ಆ ಕಾರ್ಖಾನೆ ಈಗ ಇಲ್ಲ.

ಈ ಸ್ಟುಡಿಯೋ ವಿದ್ಯೆಯನ್ನು ಕಲೆಯ ಲೋಕಕ್ಕೆ ಗೌರವದಿಂದ ಕರೆತಂದವರಲ್ಲಿ ಬೆಂಗಳೂರಿನ ಎನ್. ಪುಷ್ಪಮಾಲಾ ಮುಖ್ಯರು. 1956ರಲ್ಲಿ ಹುಟ್ಟಿದ ಅವರು ಬರೋಡದಲ್ಲಿ ಕಲಿತ ಶಿಲ್ಪಿ. ತೊಂಬತ್ತರ ದಶಕದಲ್ಲಿ ತಾವೇ ವೇಷ ಹಾಕಿ ಕ್ಯಾಮೆರಾದ ಮುಂದೆ ನಿಂತರು. 1998ರ 'ಸುನ್ಹೇರೆ ಸಪ್ನೆ'ಯ ಕಪ್ಪು-ಬಿಳುಪು ಫೋಟೋಗಳಿಗೆ ಕೈಯಿಂದಲೇ ಬಣ್ಣ. 2000ರಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ ದಕ್ಷಿಣ ಭಾರತದ ಹೆಂಗಸರ ಕುರಿತ ಸರಣಿ ಮಾಡಿದರು. ರವಿವರ್ಮನ ಲಕ್ಷ್ಮಿಯಾಗಿ, ಬ್ರಿಟಿಷರು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಅಳೆದ ತೋಡ ಹೆಂಗಸಾಗಿ ಅವರೇ ನಿಂತರು. ನನಗೆ ತೀರಾ ಹತ್ತಿರವಾದದ್ದು 'ಬಾಂಬೆ ಫೋಟೋ ಸ್ಟುಡಿಯೋ'. ಅದಕ್ಕಾಗಿ ಅವರು ಹೋದದ್ದು ಹಳೆಯ ಹಿಂದಿ ಸಿನಿಮಾ ತಾರೆಯರ ಫೋಟೋ ತೆಗೆದಿದ್ದ ಜೆ.ಎಚ್. ಠಕ್ಕರ್ ಅವರ ಬಳಿಗೆ. ಬೆಳಕು ಬಲ್ಲ ಹಿರಿಯರ ಎದುರು ಹೋಗಿ ಕುಳಿತರಲ್ಲ, ಅದು ದೊಡ್ಡದು.

ಅಂಥ ಹಿರಿಯರ ನೆಗೆಟಿವ್‌ಗಳು ನಮ್ಮ ಊರುಗಳಲ್ಲಿ ಬಹಳಷ್ಟು ಉಳಿದಿಲ್ಲ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ. ಅದನ್ನು ತೆಗೆಯಲೆಂದು ಕೊಳ್ಳುವವರು ಬರುತ್ತಿದ್ದರು. ಊರಿನ ಮುಖಗಳು ತೂಕದ ಲೆಕ್ಕದಲ್ಲಿ ಹೋದವು.

ಮೊನ್ನೆ ಸುಣ್ಣ ಹೊಡೆಸುವಾಗ ನಮ್ಮ ಫೋಟೋವನ್ನು ಇಳಿಸಿದೆವು. ಚೌಕಟ್ಟು ಬಿಚ್ಚಿದರೆ ಒಳಗಿದ್ದದ್ದು ಆ ಅಂಟಿಸಿದ ರಟ್ಟೇ. ತಾತನ ಹೆಗಲ ಹತ್ತಿರ ಬಣ್ಣ ಚಕ್ಕೆಯೆದ್ದು, ಮದುವೆಮನೆಯ ಇನ್ಯಾರದೋ ನಾಲ್ಕು ಬೆರಳು ಕಾಣುತ್ತಿದ್ದವು. ಕೋಟು ಬಂದದ್ದು ಅವನ್ನು ಮುಚ್ಚಲು. ರಟ್ಟಿನ ಬೆನ್ನಿಗೆ ಸಣ್ಣ ಅಕ್ಷರದ ಪೆನ್ಸಿಲ್ ಬರಹ: "ಬಲಗಡೆ ಕೈ ತೆಗೆಯುವುದು. ಹಣೆ ಗಾಯ ಹಾಗೇ ಇರಲಿ, ಮನೆಯವರು ಕೇಳಿದ್ದಾರೆ."