ಚೌರಿ ಚೌರಾದ ಹೊಣೆ

ಅಹಿಂಸೆಯೆಂದರೆ ಕೈಯೆತ್ತದಿರುವುದು, ಅಷ್ಟೆ ಎಂದು ನಾನು ಬಹುಕಾಲ ತಿಳಿದಿದ್ದೆ. ಆ ತಿಳಿವಳಿಕೆ ಸಾಲದೆಂದು ನನಗೆ ಮನಗಾಣಿಸಿದ್ದು 1922ರ ಒಂದು ಘಟನೆ.

ಆ ವರ್ಷದ ಫೆಬ್ರವರಿ 4ರಂದು, ಗೋರಖಪುರ ಜಿಲ್ಲೆಯ ಚೌರಿ ಚೌರಾದಲ್ಲಿ ಅಸಹಕಾರ ಚಳವಳಿಯ ಸ್ವಯಂಸೇವಕರು ಮೆರವಣಿಗೆ ಹೊರಟಿದ್ದರು. ಪೊಲೀಸರು ಗುಂಡು ಹಾರಿಸಿದರು. ಮೆರವಣಿಗೆಯವರಲ್ಲಿ ಕೆಲವರು ಸತ್ತರು. ಕೆರಳಿದ ಜನ ಠಾಣೆಗೆ ಬೆಂಕಿಯಿಟ್ಟರು. 20ಕ್ಕೂ ಹೆಚ್ಚು ಪೊಲೀಸರು ಪ್ರಾಣ ಕಳೆದುಕೊಂಡರು.

ಗಾಂಧೀಜಿ ಆಗ ಗುಜರಾತಿನ ಬಾರ್ಡೋಲಿಯಲ್ಲಿ ಕಾನೂನುಭಂಗಕ್ಕೆ ಅಣಿಯಾಗಿದ್ದರು. ವೈಸರಾಯರಿಗೆ ಪತ್ರವೂ ಹೋಗಿತ್ತು. ಈ ಸುದ್ದಿ ಬಂದ ಮೇಲೆ, ಫೆಬ್ರವರಿ 12ರಂದು, ಅವರ ಮಾತಿನಂತೆ ಕಾಂಗ್ರೆಸ್ಸಿನ ಕಾರ್ಯಸಮಿತಿ ಚಳವಳಿಯನ್ನು ನಿಲ್ಲಿಸಿತು. ಅವರು ಐದು ದಿನ ಉಪವಾಸ ಮಾಡಿದರು.

ಸೆರೆಯಲ್ಲಿದ್ದ ಜವಾಹರಲಾಲರು ಇದರಿಂದ ನೊಂದರು. ದೂರದ ಒಂದೂರಿನ ತಪ್ಪಿಗೆ ದೇಶವೆಲ್ಲ ದಂಡ ತೆರಬೇಕೆ? ಈ ಪ್ರಶ್ನೆ ಹಗುರವಾದುದಲ್ಲ. ಎಲ್ಲೋ ಒಂದೆಡೆ ಶಾಂತಿ ಕೆಟ್ಟೊಡನೆ ಹೋರಾಟ ನಿಲ್ಲಬೇಕೆಂದರೆ, ಅದರ ಬೀಗದ ಕೈಯನ್ನು ಎದುರಾಳಿಗೇ ಕೊಟ್ಟಂತೆ. ಅವನು ನಾಲ್ವರನ್ನು ಕೆರಳಿಸಿದರೆ ಸಾಕು.

ಆದರೂ ಗಾಂಧೀಜಿ ಜಾರಿಕೊಳ್ಳಲಿಲ್ಲ. ಮಾರ್ಚ್ 18ರಂದು ಅಹಮದಾಬಾದಿನ ವಿಚಾರಣೆಯಲ್ಲಿ ಚೌರಿ ಚೌರಾದ ಹೊಣೆಯಿಂದ ತಾನು ಹೊರತಲ್ಲವೆಂದು ಒಪ್ಪಿ, ಆರು ವರ್ಷದ ಶಿಕ್ಷೆಯನ್ನು ಸ್ವೀಕರಿಸಿದರು. ಹಿಂಸೆಯನ್ನು ಸಮರ್ಥಿಸುವವನು ಮೊದಲು ಎದುರು ಪಕ್ಷದ ಹೆಣಗಳನ್ನು ಮರೆಯುತ್ತಾನೆ. ಅಹಿಂಸಾವಾದಿ ತನ್ನ ಪಕ್ಷ ಕೆಡವಿದ ಹೆಣಗಳನ್ನು ಮೊದಲು ಎಣಿಸಬೇಕು. ಕೈಯೆತ್ತದಿರುವುದಕ್ಕಿಂತ ಇದು ಕಠಿಣವಾದ ವ್ರತ.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. 1923ರಲ್ಲಿ ಸೆಷನ್ಸ್ ನ್ಯಾಯಾಲಯ 172 ಮಂದಿಗೆ ಮರಣದಂಡನೆ ವಿಧಿಸಿತು. ಅಪೀಲಿನಲ್ಲಿ ಮದನಮೋಹನ ಮಾಳವೀಯರು ವಾದಿಸಿದರು. ಅಲಹಾಬಾದ್ ಹೈಕೋರ್ಟು 19 ಮಂದಿಯ ಮರಣದಂಡನೆಯನ್ನು ಎತ್ತಿಹಿಡಿಯಿತು. ಗಲ್ಲಿಗೇರಿದ ಅವರೂ ಮಹಾತ್ಮನ ಹೆಸರು ಹೇಳಿಯೇ ಹೊರಟಿದ್ದ ಚಳವಳಿಯವರು. ನಾಯಕನ ಪ್ರಾಯಶ್ಚಿತ್ತವನ್ನು ನಾವು ಕೊಂಡಾಡಿದೆವು. ಆ ರೈತರ ಹೆಸರುಗಳನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು? ತತ್ತ್ವದ ಶುದ್ಧಿಯನ್ನು ಕಾಪಾಡುವ ಭರದಲ್ಲಿ ತಪ್ಪಿದ ಮನುಷ್ಯನನ್ನು ಕೈಬಿಟ್ಟರೆ, ಅದೂ ಒಂದು ಬಗೆಯ ಹಿಂಸೆಯೇ ಎಂದು ನನಗೆ ತೋರುತ್ತದೆ.

ಚಳವಳಿಯನ್ನು ನಿಲ್ಲಿಸಿದ್ದು ಸರಿಯೇ ಎಂಬುದನ್ನು ನಾನಿನ್ನೂ ತೀರ್ಮಾನಿಸಿಲ್ಲ. ಚೌರಿ ಚೌರಾದಲ್ಲಿ ಎರಡು ಸ್ಮಾರಕಗಳಿವೆ: ಒಂದು ಸತ್ತ ಪೊಲೀಸರದು, ಇನ್ನೊಂದು ಗಲ್ಲಿಗೇರಿದವರದು. ಎರಡರ ಮುಂದೆಯೂ ತಲೆಬಾಗಬಲ್ಲವನು ಮಾತ್ರ ಅಹಿಂಸೆಯ ಮಾತಾಡಲು ಅರ್ಹನೆಂಬುದಷ್ಟು ನನಗೆ ನಿಶ್ಚಯವಾಗಿದೆ.