ಪರಿಚಿತ ಮುಖ, ಕೈಕೊಟ್ಟ ಆಟ

ಅಂಗಡಿಯಲ್ಲಿ ಸಾಲಾಗಿ ಇಟ್ಟ ಆಟಗಳ ಮುಂದೆ ನಿಮ್ಮ ಮಗುವಿನ ಕೈ ಎಲ್ಲಿ ನಿಲ್ಲುತ್ತದೆಂದು ಗಮನಿಸಿದ್ದೀರಾ? ತನಗೆ ಗೊತ್ತಿರುವ ಮುಖದ ಮೇಲೆ. ಅದು ಮಿಕ್ಕಿ ಮೌಸ್ ಆಗಿದ್ದರೆ ನೀವೂ ಹೆಚ್ಚು ಯೋಚಿಸುವುದಿಲ್ಲ. ಚಿಕ್ಕಂದಿನಲ್ಲಿ ನಾವೂ ನೋಡಿ ನಕ್ಕ ಇಲಿಯಲ್ಲವೇ ಎಂದು ಹಣ ಕೊಟ್ಟು ಬರುತ್ತೀರಿ. ಈ ನಂಬಿಕೆ ಎಷ್ಟು ಸರಿ? 'ಎಪಿಕ್ ಮಿಕ್ಕಿ 2' ಎಂಬ ವೀಡಿಯೋ ಗೇಮ್‌ನ ಕಥೆಯನ್ನು ಸ್ವಲ್ಪ ಕೇಳಿ.

ಮರೆತುಹೋದ ಅಣ್ಣ

ಈ ಕಥೆ ಮಿಕ್ಕಿಗಿಂತಲೂ ಹಳೆಯದು. 1927ರಲ್ಲಿ ಅಮೆರಿಕದ ವಾಲ್ಟ್ ಡಿಸ್ನಿ ಮತ್ತು ಅವರ ಜೊತೆಗಾರ ಅಬ್ ಐವರ್ಕ್ಸ್ ಸೇರಿ ಆಸ್ವಾಲ್ಡ್ ಎಂಬ ಮೊಲವನ್ನು ರೂಪಿಸಿದರು. ಆದರೆ ಅದರ ಹಕ್ಕು ಯುನಿವರ್ಸಲ್ ಕಂಪೆನಿಯ ಕೈಯಲ್ಲಿತ್ತು. 1928ರಲ್ಲಿ ಒಪ್ಪಂದದ ಮಾತುಕತೆ ಮುರಿದು ಡಿಸ್ನಿ ಬರಿಗೈಯಲ್ಲಿ ಮರಳಿದರು. ಆ ನಷ್ಟದ ಬೆನ್ನಿಗೇ ಹುಟ್ಟಿದ್ದು ಮಿಕ್ಕಿ. ಇಲಿ ಜಗತ್ಪ್ರಸಿದ್ಧವಾಯಿತು, ಮೊಲವನ್ನು ಜನ ಮರೆತರು. 2006ರಲ್ಲಿ ಡಿಸ್ನಿ ಸಂಸ್ಥೆ ತನ್ನ ಟಿವಿಯ ಕ್ರೀಡಾ ನಿರೂಪಕ ಆಲ್ ಮೈಕಲ್ಸ್‌ರನ್ನು ಎನ್‌ಬಿಸಿಗೆ ಬಿಟ್ಟುಕೊಟ್ಟು ಆಸ್ವಾಲ್ಡ್‌ನನ್ನು ಮರಳಿ ಪಡೆಯಿತು!

2010ರಲ್ಲಿ ಬಂದ 'ಎಪಿಕ್ ಮಿಕ್ಕಿ' ಇದೇ ನೋವಿನ ಮೇಲೆ ಕಟ್ಟಿದ ಆಟ. ಜನ ಮರೆತ ಕಾರ್ಟೂನ್ ಪಾತ್ರಗಳು ವಾಸಿಸುವ ಒಂದು ಲೋಕ, ಅಲ್ಲಿ ತಮ್ಮನ ಕೀರ್ತಿ ಕಂಡು ಕೊರಗುವ ಅಣ್ಣ ಆಸ್ವಾಲ್ಡ್. ಮಿಕ್ಕಿಯ ಕೈಯಲ್ಲಿ ಒಂದು ಕುಂಚ. ಬಣ್ಣ ಚಿಮ್ಮಿಸಿದರೆ ಅಳಿದದ್ದು ಮತ್ತೆ ಮೂಡುತ್ತದೆ, ತಿನ್ನರ್ ಚಿಮ್ಮಿಸಿದರೆ ಇದ್ದದ್ದೂ ಅಳಿಯುತ್ತದೆ. ಕಟ್ಟುವುದೋ ಕೆಡಹುವುದೋ, ಆಯ್ಕೆ ಆಡುವವನದು. ಮಕ್ಕಳಿಗೆ ಹೇಳಬಹುದಾದ ಒಳ್ಳೆಯ ಪಾಠವೇ ಅದು.

ಜೊತೆಗಾರನೇ ಭಾರವಾದಾಗ

2012ರ ನವೆಂಬರ್‌ನಲ್ಲಿ ಎರಡನೆಯ ಆಟ ಬಂತು. ತಯಾರಿಸಿದವರು ಹೆಸರುವಾಸಿ ವಾರೆನ್ ಸ್ಪೆಕ್ಟರ್ ಅವರ ಜಂಕ್ಷನ್ ಪಾಯಿಂಟ್ ಸ್ಟುಡಿಯೋ. ಈ ಬಾರಿ ಅಣ್ಣ ತಮ್ಮ ಇಬ್ಬರೂ ಜೊತೆಗೂಡಿ ತಮ್ಮ ಲೋಕವನ್ನು ಉಳಿಸಬೇಕು. ಪಾತ್ರಗಳಿಗೆ ಧ್ವನಿ ಬಂತು, ಹಾಡೂ ಬಂತು. ನಿರೀಕ್ಷೆ ಮುಗಿಲು ಮುಟ್ಟಿತ್ತು.

ಆದರೆ ಆಡಲು ಕುಳಿತವರಿಗೆ ಆದದ್ದು ನಿರಾಸೆ. ಇಂತಹ ಆಟವನ್ನು 'ಪ್ಲಾಟ್‌ಫಾರ್ಮ್' ಆಟ ಎನ್ನುತ್ತಾರೆ. ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಅಳೆದು ಜಿಗಿಯಬೇಕು. ಜಿಗಿಯುವಾಗ ಕಾಲಿಡುವ ಜಾಗ ಕಣ್ಣಿಗೆ ಕಾಣದಿದ್ದರೆ? ದೃಶ್ಯವನ್ನು ತೋರಿಸುವ ಕ್ಯಾಮೆರಾ ಇಲ್ಲಿ ಹಲವೆಡೆ ಹಾಗೆಯೇ ಕೈಕೊಟ್ಟಿತು. ಅದಕ್ಕಿಂತ ದೊಡ್ಡ ದೂರು ಆಸ್ವಾಲ್ಡ್‌ನ ಬಗ್ಗೆ. ಒಬ್ಬರೇ ಆಡುವಾಗ ಆಸ್ವಾಲ್ಡ್‌ನನ್ನು ನಡೆಸುವುದು ಯಂತ್ರ. ಬೇಕಾದಾಗ ಒದಗದೆ, ಬೇಡದ್ದನ್ನು ಮಾಡುತ್ತಾ ಆತ ಸಹಾಯಕ್ಕಿಂತ ಹೆಚ್ಚು ತೊಡಕೇ ಆದ. ಒಗ್ಗಟ್ಟನ್ನು ಕಲಿಸಬೇಕಾದ ಆಟ ಒಗ್ಗಟ್ಟಿನಲ್ಲೇ ಸೋತಿತು. 2013ರ ಜನವರಿಯಲ್ಲಿ ಡಿಸ್ನಿ ಆ ಸ್ಟುಡಿಯೋವನ್ನೇ ಮುಚ್ಚಿತು.

ರಾಶಿಯೊಳಗೆ ಕೈ ಹಾಕಿ

ಪ್ರವಾದಿ ಮುಹಮ್ಮದ್(ಸ)ರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದ ಘಟನೆ ನಿಮಗೆ ಗೊತ್ತೇ ಇದೆ. ಮೇಲೆ ಒಣಗಿದ ಕಾಳು, ಒಳಗೆ ಒದ್ದೆ. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಅವರು ಮಾರುವವನನ್ನು ಪ್ರಶ್ನಿಸಿದರು. ಈ ಆಟವನ್ನು ಮಾಡಿದವರು ಮೋಸ ಮಾಡಿದರೆಂದು ನಾವು ಹೇಳುತ್ತಿಲ್ಲ. ಅವರು ಶ್ರಮಪಟ್ಟೇ ಮಾಡಿದ್ದರು. ಆದರೆ ಕೊಳ್ಳುವ ನಮಗೆ ಇಲ್ಲೊಂದು ಪಾಠವಿದೆ. ಮೇಲಿನ ಚಿತ್ರ ನೋಡಿ ಒಳಗಿನದನ್ನು ನಂಬಬಾರದು.

ಪೆಟ್ಟಿಗೆಯ ಮೇಲಿನ ವಯಸ್ಸಿನ ಗುರುತನ್ನು ಖಂಡಿತ ನೋಡಿ. ಆದರೆ ಆಟದಲ್ಲಿ ಹಿಂಸೆ, ಅಶ್ಲೀಲತೆ ಇದೆಯೇ ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಆಟ ಚೆನ್ನಾಗಿದೆಯೇ ಎಂದು ಹೇಳುವುದಿಲ್ಲ. ಬಿಡುಗಡೆಯ ದಿನವೇ ಕೊಳ್ಳಬೇಕೆಂದು ಮಗು ಹಟ ಹಿಡಿದರೆ ಕೆಲವು ವಾರ ಕಾಯಲು ಹೇಳಿ. ಆಡಿದವರ ಅಭಿಪ್ರಾಯ ಓದಿ. ಆಟದ ದೃಶ್ಯಗಳನ್ನು ಮಗುವಿನೊಂದಿಗೆ ಕುಳಿತು ನೋಡಿ. ಹಣ ಉಳಿಯುತ್ತದೆ, ಜೊತೆಗೆ ಮಗು ತಾಳ್ಮೆಯನ್ನೂ ಕಲಿಯುತ್ತದೆ.

ಕೊನೆಯದಾಗಿ ಒಂದು ಮಾತು. ಈ ಆಟವನ್ನು ಒಂದೇ ಪರದೆಯ ಮುಂದೆ ಇಬ್ಬರು ಕುಳಿತು ಆಡಲೂ ಅವಕಾಶವಿತ್ತು. ಆಗ ಆಸ್ವಾಲ್ಡ್‌ನನ್ನು ನಡೆಸುವುದು ಯಂತ್ರವಲ್ಲ, ಪಕ್ಕದಲ್ಲಿ ಕುಳಿತ ಇನ್ನೊಂದು ಜೀವ. ಕ್ಯಾಮೆರಾದ ದೋಷ ಹಾಗೆಯೇ ಉಳಿಯಿತಾದರೂ ಜೊತೆಗಾರನ ಕೊರತೆ ನೀಗುತ್ತಿತ್ತು. ಮಗುವಿನ ಕೈಗೆ ಆಟವನ್ನು ಕೊಟ್ಟು ಅಡುಗೆ ಮನೆಗೋ ಮೊಬೈಲಿಗೋ ಮರಳುವ ಹೆತ್ತವರು ಇದನ್ನು ಯೋಚಿಸಬೇಕು. ಯಂತ್ರ ತುಂಬಲಾರದ ಆ ಜಾಗ ಮನೆಯ ಅಣ್ಣನದು, ತಂಗಿಯದು, ಕೆಲವೊಮ್ಮೆ ನಿಮ್ಮದೇ. ವಾರಕ್ಕೆ ಅರ್ಧ ಗಂಟೆಯಾದರೂ ಅಲ್ಲಿ ಕುಳಿತು ನೋಡಿ.